ಬೇಳೆ, ಮೊಟ್ಟೆ ಬಿಟ್ಟರೆ ಕಿಡ್ನಿಯಲ್ಲಿ ಕೂತ ಅಮೈಲಾಯ್ಡ್ ಕರಗುತ್ತದಾ?

ಕರಗುವುದಿಲ್ಲ. ಅಪ್ಪನ ಕಿಡ್ನಿ ಬಯಾಪ್ಸಿಯಲ್ಲಿ ‘ಅಮೈಲಾಯ್ಡ್ ಪ್ರೋಟೀನ್ ಶೇಖರಣೆ’ ಎಂದು ಬಂದಿದ್ದಕ್ಕೆ ಮನೆಯಲ್ಲಿ ಬೇಳೆ, ಮೊಟ್ಟೆ, ಮಾಂಸ ಎಲ್ಲ ನಿಲ್ಲಿಸಿದ್ದೇವೆ ಅಂತ ಬರೆದಿದ್ದೀರಿ. ಅಮೈಲಾಯ್ಡ್ ಅಂದರೆ ಮಡಿಕೆ ತಪ್ಪಿದ ಪ್ರೋಟೀನು ನಾರುನಾರಾಗಿ ಅಂಗಗಳಲ್ಲಿ ಕೂರುವುದು. ಪಥ್ಯದ ಪ್ರಶ್ನೆಯನ್ನೇ ಸದ್ಯಕ್ಕೆ ಬದಿಗಿಡಿ. ಅಪ್ಪನ ಮೈಯಲ್ಲಿ ಕೂತಿರುವುದು ಯಾವ ಪ್ರೋಟೀನು, ಎಲ್ಲಿಂದ ಬರುತ್ತಿದೆ ಅನ್ನುವುದು ಮೊದಲು ಗೊತ್ತಾಗಬೇಕು.

ನಮ್ಮದು ಮಂಡ್ಯದ ಹತ್ತಿರ ನಾಲೆ ಬಯಲಿನ ಊರು. ಅವ್ವನಿಗೆ ವರ್ಷಗಟ್ಟಲೆಯಿಂದ ಕೀಲುನೋವಿತ್ತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲಿಕ್ಕಾಗುತ್ತಿರಲಿಲ್ಲ. ಬಿಸಿನೀರಿನ ಚೊಂಬನ್ನು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದು ಹಿತ್ತಲ ಕಟ್ಟೆ ಮೇಲೆ ಕೂತಿರುತ್ತಿದ್ದಳು. ಗೆಣ್ಣುಗಳು ಒಂದಿಷ್ಟು ಸಡಿಲವಾದ ಮೇಲೇ ಮುದ್ದೆಗೆ ಎಸರಿಡುತ್ತಿದ್ದುದು. ಜೀವನವಿಡೀ ಕೆಸರಲ್ಲಿ ಬಗ್ಗಿ ನಾಟಿ ಹಾಕಿದವರಿಗೆ ಇದು ಇದ್ದದ್ದೇ ಅಂದುಕೊಂಡೆವು. ನಾನೇ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದುಕೊಡುತ್ತಿದ್ದೆ. ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಗದ್ದೆಗೂ ಹೋಗಿ ಬರುತ್ತಿದ್ದಳು.

ನಮಗೆ ದುಬಾರಿಯಾದದ್ದು ಆ ಮಾತ್ರೆಯೇ. ಎಷ್ಟೋ ಮನೆಗಳಲ್ಲಿ ಈಗಲೂ ಇದೇ ನಡೆಯುತ್ತಿರುವುದರಿಂದ ಬಿಡಿಸಿ ಹೇಳುತ್ತೇನೆ. ಅವ್ವನಿಗಿದ್ದದ್ದು ಸವೆತದ ನೋವಲ್ಲ, ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ಪಡೆಯೇ ಕೀಲುಗಳ ಮೇಲೆ ತಿರುಗಿಬೀಳುವ ವಾತ. ಅದರಲ್ಲಿ ನೋವು ಬೇರೆ, ಉರಿಯೂತ ಬೇರೆ. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆ, ಒಳಗಿನ ಉರಿಯೂತ ಅದರ ಪಾಡಿಗೆ ನಡೆಯುತ್ತಲೇ ಇರುತ್ತದೆ. ಉರಿಯೂತ ಇರುವಷ್ಟು ಕಾಲ ಲಿವರ್ ‘ಸೀರಮ್ ಅಮೈಲಾಯ್ಡ್ ಎ’ ಎಂಬ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತದೆ. ಸೋಂಕು ಜೋರಾದಾಗ ಇದು ಮಾಮೂಲಿಗಿಂತ ಸಾವಿರ ಪಟ್ಟು ಏರುವುದೂ ಉಂಟು. ನಾಲ್ಕು ದಿನ ಏರಿ ಇಳಿದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಇಳಿಯದೇ ಇದ್ದರೆ, ದೇಹ ಅದನ್ನು ಪೂರ್ತಿ ಕತ್ತರಿಸಿ ವಿಲೇವಾರಿ ಮಾಡಲಾರದೆ ಅರೆಬರೆ ತುಂಡುಗಳನ್ನು ಉಳಿಸುತ್ತದೆ. ಆ ತುಂಡುಗಳು ಸರಿಯಾದ ಮಡಿಕೆ ತಪ್ಪಿ, ಚಪ್ಪಟೆಯಾಗಿ ಒಂದರ ಮೇಲೊಂದು ಕೂತು ನಾರುಗಳಾಗುತ್ತವೆ. ಈ ನಾರುಗಳೇ ಅಮೈಲಾಯ್ಡ್. ಒಂದು ನಾರಿನ ದಪ್ಪ ಸುಮಾರು 10 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ. ಮೊದಲ ನಾರು ಹುಟ್ಟಲು ತಡವಾಗುತ್ತದೆ. ಒಮ್ಮೆ ಹುಟ್ಟಿತೆಂದರೆ ಹೊಸ ತುಂಡುಗಳು ಅದರ ತುದಿಗೆ ಬೇಗಬೇಗ ಸೇರಿಕೊಳ್ಳುತ್ತವೆ. ರಕ್ತದಲ್ಲಿರುವ ಬೇರೆ ಕೆಲವು ಅಣುಗಳೂ ಮೇಲೆ ಅಂಟಿಕೊಂಡು, ದೇಹದ ಕಿಣ್ವಗಳು ಅದನ್ನು ಸುಲಭವಾಗಿ ಅರಗಿಸದಂತೆ ಕಾಯುತ್ತವೆ.

ಅವ್ವನಿಗೆ ಮೊದಲು ಕಂಡಿದ್ದು ಮೂತ್ರದಲ್ಲಿ ನೊರೆ. ನೀರು ಹೊಯ್ದರೂ ಬಚ್ಚಲಲ್ಲಿ ನೊರೆ ಉಳಿಯುತ್ತಿತ್ತು. ಆಮೇಲೆ ಕಾಲು ಊದಿತು, ಕಾಲುಂಗುರ ತೆಗೆಯಲಾಗದಷ್ಟು. ಮೈಸೂರಿನಲ್ಲಿ ಕಿಡ್ನಿ ಡಾಕ್ಟರಿಗೆ ತೋರಿಸಿದಾಗ ಅವರು ಕಾಲಿಗಿಂತ ಮೊದಲು ಕೈಬೆರಳು ನೋಡಿ, ‘ಇದು ಎಷ್ಟು ವರ್ಷದಿಂದಮ್ಮ?’ ಅಂದರು. ಬಯಾಪ್ಸಿ ತುಣುಕಿಗೆ ಕಾಂಗೋ ರೆಡ್ ಬಣ್ಣ ಹಾಕಿ ಧ್ರುವೀಕರಿಸಿದ ಬೆಳಕಲ್ಲಿ ತೆಗೆದ ಚಿತ್ರವನ್ನೂ ತೋರಿಸಿದರು. ರಕ್ತ ಸೋಸುವ ಜಾಲರಿಯ ಜಾಗದಲ್ಲೆಲ್ಲ ಸೇಬಿನ ಹಸಿರು ಹೊಳೆಯುತ್ತಿತ್ತು. ಆ ಜಾಲರಿ ಹಾಳಾದದ್ದರಿಂದಲೇ ರಕ್ತದ ಪ್ರೋಟೀನಾದ ಆಲ್ಬುಮಿನ್ ಮೂತ್ರಕ್ಕೆ ಸೋರಿ ಕಾಲು ಊದಿದ್ದು.

ಅಷ್ಟರಲ್ಲಿ ಮದ್ದಿನ ಆಯ್ಕೆಯೂ ಕಿರಿದಾಗಿತ್ತು. ಈ ವಾತಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿಯೇ ಸೋತವರಿಗೆ ಅದನ್ನು ಧೈರ್ಯವಾಗಿ ಕೊಡುವ ಹಾಗಿಲ್ಲ. ನೋವಿನ ಮಾತ್ರೆ ಕಿಡ್ನಿಗೆ ತನ್ನದೇ ಪೆಟ್ಟನ್ನೂ ಕೊಟ್ಟಿರುತ್ತದೆ. ಕೊನೆಗೆ ಉರಿಯೂತದ ಸಂದೇಶವನ್ನೇ ತಡೆಯುವ ಇಂಜೆಕ್ಷನ್, ತೊಸಿಲಿಜುಮಾಬ್, ಶುರುವಾಯಿತು. ಬೆಲೆ ಕೇಳಿ ಎದೆ ಧಸಕ್ಕೆಂದಿತ್ತು. ಸೋರಿಕೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಐದಾರು ವರ್ಷ ಮೊದಲೇ ಕೀಲಿನ ಡಾಕ್ಟರಿಗೆ ತೋರಿಸಿದ್ದರೆ ಅಗ್ಗದ ಮಾತ್ರೆಯಲ್ಲೇ ಉರಿಯೂತ ಹತೋಟಿಗೆ ಬರುವ ಸಾಧ್ಯತೆ ಚೆನ್ನಾಗಿತ್ತು.

ಊಟದ ಮಾತಿಗೆ ಬರುತ್ತೇನೆ. ನಾವು ತಿಂದ ಬೇಳೆ ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುತ್ತದೆ, ಹಾಗೇ ಹೋಗಿ ಕಿಡ್ನಿಯಲ್ಲಿ ಕೂರುವುದಿಲ್ಲ. ನೆಂಟರ ಮಾತು ಕೇಳಿ ನಾವೂ ಅವ್ವನಿಗೆ ಹುರುಳಿ, ಅವರೆಕಾಳು ಕೊಡುವುದನ್ನೇ ನಿಲ್ಲಿಸಿದ್ದೆವು. ಮೂತ್ರದಲ್ಲಿ ಸೋರುತ್ತಿದ್ದುದರ ಮೇಲೆ ಊಟದಲ್ಲೂ ಕಡಿತವಾಗಿ ತೋಳು ಕಡ್ಡಿಯಾಯಿತು. ತೂಬು ತೆರೆದೇ ಇರುವಾಗ ಗದ್ದೆಯ ನೀರನ್ನು ಬೊಗಸೆಯಲ್ಲಿ ಚೆಲ್ಲುತ್ತಾ ಕೂತ ಹಾಗೆ. ಎಷ್ಟು ಪ್ರೋಟೀನ್ ತಿನ್ನಬೇಕು ಅನ್ನುವುದನ್ನು ನಿಮ್ಮ ಕಿಡ್ನಿ ಡಾಕ್ಟರೇ ಅಳೆದು ಹೇಳಲಿ. ಕಡಿಮೆ ಮಾಡಬೇಕಾದದ್ದು ಉಪ್ಪು: ಉಪ್ಸಾರಿನ ಖಾರ, ಉಪ್ಪಿನಕಾಯಿ, ಹಪ್ಪಳ. ಊತಕ್ಕೆ ಅದರಿಂದ ನಿಜವಾಗಿ ಅನುಕೂಲವಾಗುತ್ತದೆ.

ಆದರೆ ಅಪ್ಪನಿಗಿರುವುದು ಅವ್ವನದೇ ಬಗೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅಮೈಲಾಯ್ಡ್ ಆಗಬಲ್ಲ ಪ್ರೋಟೀನುಗಳು ಮನುಷ್ಯನಲ್ಲಿ 30ಕ್ಕೂ ಹೆಚ್ಚಿವೆ. ಕಾಂಗೋ ರೆಡ್ ಹೇಳುವುದು ಅಮೈಲಾಯ್ಡ್ ಹೌದೋ ಅಲ್ಲವೋ ಎಂದಷ್ಟೇ, ಯಾವುದು ಅಂತಲ್ಲ. ಅಸ್ಥಿಮಜ್ಜೆಯ ಪ್ಲಾಸ್ಮಾ ಕಣಗಳು ಸುರಿಯುವ ‘ಲೈಟ್ ಚೈನ್’ ಎಂಬ ಆಂಟಿಬಾಡಿ ತುಂಡುಗಳಿಂದ ಆಗುವ ಎಎಲ್ ಬಗೆ ಇದ್ದರೆ ಒಂದು ವಾರವೂ ತಡಮಾಡಬೇಡಿ. ಅದು ಹೃದಯದಲ್ಲೂ ಕೂರುತ್ತದೆ, ಚಿಕಿತ್ಸೆ ಮಾಡುವವರು ರಕ್ತರೋಗದ ಡಾಕ್ಟರು. ವಯಸ್ಸಾದ ಗಂಡಸರಲ್ಲಿ ಲಿವರ್ ತಯಾರಿಸುವ ಇನ್ನೊಂದು ಪ್ರೋಟೀನಾದ ಟ್ರಾನ್ಸ್‌ಥೈರೆಟಿನ್ ಮುಖ್ಯವಾಗಿ ಹೃದಯದಲ್ಲಿ ಕೂರುವುದುಂಟು. ಎಷ್ಟೋ ಜನರಿಗೆ ಅದಕ್ಕೂ ಹಲವು ವರ್ಷ ಮೊದಲೇ ಎರಡೂ ಕೈಬೆರಳು ಜೋಮು ಹಿಡಿದಿರುತ್ತವೆ.

ಹಾಗಾಗಿ ಮುಂದಿನ ಸಲ ಹೋದಾಗ ‘ಇದು ಯಾವ ಟೈಪು? ಫ್ರೀ ಲೈಟ್ ಚೈನ್ ಟೆಸ್ಟ್, ಹೃದಯದ ಎಕೋ ಸ್ಕ್ಯಾನ್ ಎರಡೂ ಆಗಿದೆಯಾ?’ ಅಂತ ನೇರವಾಗಿ ಕೇಳಿ. ಅಪ್ಪನಿಗೆ ಹಿಂದೆ ಟಿಬಿ ಬಂದು ಮಾತ್ರೆ ಅರ್ಧಕ್ಕೆ ನಿಲ್ಲಿಸಿದ್ದು, ಹಳೇ ಕೀಲೂತ, ವಾಸಿಯಾಗದ ಹುಣ್ಣು, ಕುಷ್ಠ ಯಾವುದಿದ್ದರೂ ಮುಚ್ಚಿಡಬೇಡಿ. ನಮ್ಮ ದೇಶದಲ್ಲಿ ಅವ್ವನ ಬಗೆಯ ಅಮೈಲಾಯ್ಡ್‌ಗೆ ಟಿಬಿ ಈಗಲೂ ದೊಡ್ಡ ಕಾರಣ. ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ, ನುಂಗುತ್ತಿರುವ ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ.