ಕಿಂಡಿ ಕಾಣದವರು ಸೈನಿಕರನ್ನು ದೂರುತ್ತಾರೆ

ಪ್ರಶ್ನೆ: ಮೇಡಂ, ನಮ್ಮೂರ ಕೋಟೆಯನ್ನೇ ಇಟ್ಟುಕೊಂಡು ಒಂದು ವಿಡಿಯೋ ಗೇಮ್ ಮಾಡುತ್ತಿದ್ದೇನೆ. ಮೂರನೆಯ ಲೆವೆಲ್‌ನಲ್ಲಿ ಆಟಗಾರ ಓಬವ್ವನ ಕಿಂಡಿಯನ್ನು ಹುಡುಕಿ, ಅಲ್ಲೇ ನಿಂತು ಹೈದರಾಲಿಯ ಸೈನಿಕರನ್ನು ತಡೆಯಬೇಕು. ನಮ್ಮ ಬಡಾವಣೆಯ ಗೆಳೆಯರು ತುಂಬಾ ಸುಲಭ ಎಂದರು. ಹಾಸ್ಟೆಲ್‌ನವರು ಸೈನಿಕರನ್ನು ಕಡಿಮೆ ಮಾಡು ಎಂದರು. ಒಬ್ಬ ನಕ್ಷೆ ಕೊಡು ಎಂದ. ಯಾರ ಮಾತು ಕೇಳಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಸೈನಿಕರ ಸಂಖ್ಯೆಗೆ ಈಗಲೇ ಕೈ ಹಾಕಬೇಡಿ. ನಿಮ್ಮ ಬಡಾವಣೆಯ ಹುಡುಗರು ಚಿಕ್ಕಂದಿನಿಂದ ಕೋಟೆ ಹತ್ತಿದವರು, ಬಂಡೆಗಳ ನಡುವೆ ಸಂದು ಕಂಡೊಡನೆ ಅವರಿಗೆ ಅದು ಕಿಂಡಿಯೆಂದು ಗೊತ್ತು. ಹೊರಗಿನಿಂದ ಬಂದವರಿಗೆ ಅದೂ ಒಂದು ಬಂಡೆಯಷ್ಟೇ. ನಾನು ಮೊದಲ ಬಾರಿ ಬಂದಾಗ ಗೈಡ್ ಕೈ ತೋರಿಸಿದ ಮೇಲೆಯೇ ನನಗೂ ಕಂಡದ್ದು. ಹಾಸ್ಟೆಲ್‌ನವರು ಬಹುಶಃ ಬಯಲಿನಲ್ಲೇ ನಿಂತು ಹೋರಾಡಿ ಸೋತಿದ್ದಾರೆ. ಅವರು ಕಷ್ಟಪಟ್ಟದ್ದು ನಿಜ, ಅದರ ನಿಜವಾದ ಕಾರಣ ಮಾತ್ರ ಅವರು ಹೇಳಿದ್ದಲ್ಲ, ಬೇರೆಯಿರಬಹುದು.

ಅದನ್ನು ಕೇಳಿ ತಿಳಿಯಲಾಗದು, ನೋಡಿಯೇ ತಿಳಿಯಬೇಕು. 1998ರಲ್ಲಿ ಬಂದ ‘ಹಾಫ್-ಲೈಫ್’ ಆಟವನ್ನು ರೂಪಿಸುವಾಗ ವಾಲ್ವ್ ಸಂಸ್ಥೆಯವರು ಹೊರಗಿನವರನ್ನು ಕರೆಸಿ ಆಡಿಸುತ್ತಿದ್ದರು. ಲೆವೆಲ್ ಕಟ್ಟಿದವರು ಅದೇ ಕೋಣೆಯಲ್ಲಿ ಮಾತಿಲ್ಲದೆ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನೀವೂ ಹಾಗೆಯೇ ಕುಳಿತುಕೊಳ್ಳಿ. ‘ಎಡಕ್ಕೆ ನೋಡೋ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ನಾಳೆ ಈ ಆಟವನ್ನು ಇಳಿಸಿಕೊಳ್ಳುವವನ ಪಕ್ಕದಲ್ಲಿ ನೀವು ಇರುವುದಿಲ್ಲ. ಅವನು ಎಲ್ಲಿ ನಿಂತ, ಯಾವ ತಿರುವಿನಲ್ಲಿ ಹಿಂದಕ್ಕೆ ಬಂದ, ಸಾಯುವ ಮುನ್ನ ಯಾವ ಕಡೆ ನೋಡುತ್ತಿದ್ದ ಎಂಬುದನ್ನು ಬರೆದುಕೊಳ್ಳಿ. ಮುಗಿದ ಮೇಲೆ ‘ಚೆನ್ನಾಗಿತ್ತಾ?’ ಎಂದು ಕೇಳಬೇಡಿ, ಗೆಳೆಯರು ಹೌದೆಂದೇ ಹೇಳುತ್ತಾರೆ. ‘ಅಲ್ಲಿ ಏನು ಮಾಡಬೇಕು ಅಂದುಕೊಂಡೆ?’ ಎಂದು ಕೇಳಿ.

ನಕ್ಷೆ ಬೇಡವೇ ಬೇಡ. ಹುಡುಕಿ ಕಂಡುಕೊಳ್ಳುವ ಸುಖವೇ ಈ ಲೆವೆಲ್‌ನ ಜೀವ. ಓಬವ್ವನ ಕಥೆಯಲ್ಲೇ ನಿಮಗೆ ಬೇಕಾದ ಸುಳಿವಿದೆ: ಸೈನಿಕರು ಒಬ್ಬೊಬ್ಬರಾಗಿ ಕಿಂಡಿಯಿಂದ ನುಸುಳಿ ಬರುತ್ತಾರೆ. ದಾಳಿ ಶುರುವಾಗುವ ಮೊದಲು, ಆಟಗಾರ ಸುರಕ್ಷಿತವಾಗಿ ಎತ್ತರದಲ್ಲಿ ನಿಂತಿರುವಾಗ, ಒಬ್ಬನೇ ಸೈನಿಕ ಅಲ್ಲಿಂದ ತೆವಳಿ ಬರಲಿ. ಚಲಿಸುವುದರ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ.

ಈ ಒಂದನ್ನು ಮಾತ್ರ ಬದಲಿಸಿ, ಮತ್ತೆ ಆಡಿಸಿ. ಹಾಸ್ಟೆಲ್‌ನವರಿಗೆ ಈಗ ದಾರಿ ಗೊತ್ತಾಗಿದೆ, ಅವರು ಬೇಡ. ದಾವಣಗೆರೆಯಲ್ಲೋ ಇನ್ನೆಲ್ಲೋ ಕೋಟೆಯನ್ನೇ ನೋಡದ ನಾಲ್ಕೈದು ಜನರನ್ನು ಹಿಡಿಯಿರಿ. ಅವರು ಕಿಂಡಿಯ ಬಳಿ ನಿಂತೂ ಸೋಲುತ್ತಿದ್ದರೆ, ಆಗ ಸೈನಿಕರನ್ನು ಕಡಿಮೆ ಮಾಡಿ.