ದಿನಕ್ಕೆ 12 ಕಿ.ಮೀ. ಓಡಾಟಕ್ಕೆ ಡೀಸೆಲ್ ಕಾರು ಬೇಕಾ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಶಿಕ್ಷಕ. ಮನೆ ಜೇವರ್ಗಿ ರಸ್ತೆಯಲ್ಲಿ, ಶಾಲೆ 6 ಕಿ.ಮೀ. ದೂರ. ತಿಂಗಳಿಗೆ ಎರಡು ಸಲ ಸೇಡಂ ಕಡೆ ನಮ್ಮ ಊರಿಗೆ ಹೋಗುತ್ತೇವೆ. ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ, ಮಗಳ ಮನೆಗೆ. ಒಂದು ಸಣ್ಣ ಎಸ್‌ಯುವಿ ಕೊಳ್ಳಬೇಕು. ‘ಡೀಸೆಲ್ಲೇ ತಗೋ, ಮೈಲೇಜ್ ಭಾಳ ಬರ್ತದ’ ಅಂತಾರೆ ನಮ್ಮ ಭಾವ. ಶೋರೂಮಿನವರೂ ಹಾಗೇ ಅಂದರು. ಏನು ಮಾಡಲಿ?

ಉತ್ತರ: ಪೆಟ್ರೋಲ್ ತಗೊಳ್ಳಿ.

ನಿಮ್ಮ ಭಾವನವರ ಲೆಕ್ಕ ಒಂದು ಕಾಲಕ್ಕೆ ಸರಿಯಾಗೇ ಇತ್ತು. 2012ರ ಸುಮಾರಿಗೆ ಡೀಸೆಲ್ ಲೀಟರಿಗೆ 25-30 ರೂಪಾಯಿ ಅಗ್ಗವಿತ್ತು. ಈಗ ಆ ಅಂತರ 12 ರೂಪಾಯಿ ಆಸುಪಾಸಿಗೆ ಇಳಿದಿದೆ.

ನೀವು ಬರೆದ ಓಡಾಟವೆಲ್ಲ ಕೂಡಿಸಿದರೆ ವರ್ಷಕ್ಕೆ ಸುಮಾರು 9,000 ಕಿ.ಮೀ. ಆಗುತ್ತದೆ. ಪೆಟ್ರೋಲ್ 103 ರೂಪಾಯಿ, ಮೈಲೇಜ್ 14. ಡೀಸೆಲ್ 91 ರೂಪಾಯಿ, ಮೈಲೇಜ್ 18 ಅಂತಿಟ್ಟುಕೊಳ್ಳೋಣ. ಏಪ್ರಿಲ್-ಮೇನಲ್ಲಿ ಎಸಿ ಇಲ್ಲದೆ ಕಲಬುರಗಿಯಲ್ಲಿ ಕಾರು ಹತ್ತೋಕಾಗಲ್ಲ, ಅದಕ್ಕೇ ಕಂಪನಿ ಹೇಳುವ ಮೈಲೇಜ್ ಹಿಡಿದಿಲ್ಲ. ಡೀಸೆಲ್‌ನಲ್ಲಿ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ ಉಳಿಯುತ್ತದೆ, ವರ್ಷಕ್ಕೆ ಹೆಚ್ಚುಕಡಿಮೆ 20,700. ಡೀಸೆಲ್ ಗಾಡಿಗೆ ನೀವು ಒಂದೂಕಾಲು ಲಕ್ಷ ಜಾಸ್ತಿ ಕೊಟ್ಟರೆ ಅದು ವಾಪಸ್ ಬರೋಕೇ ಆರು ವರ್ಷ ಬೇಕು. ಸರ್ವಿಸ್ ಖರ್ಚು ಇದರಲ್ಲಿ ಸೇರಿಸಿಲ್ಲ.

ದುಡ್ಡಿನ ಮಾತು ಬಿಡಿ, ನಿಮ್ಮ ಆ 6 ಕಿ.ಮೀ. ಶಾಲೆಯೇ ನನಗೆ ಜಾಸ್ತಿ ಚಿಂತೆ. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತಲ್ವಾ, ಆಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ನೇ ಅದನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಫಿಲ್ಟರ್ ಸುಮಾರು 600 ಡಿಗ್ರಿ ಕಾಯಬೇಕು, ಅಂದರೆ ಗಾಡಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ನಿಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ಅದೆಲ್ಲಿ ಸಾಧ್ಯ? ಅರ್ಧ ಸುಡುವಷ್ಟರಲ್ಲಿ ಶಾಲೆ ಬಂತು, ನೀವು ಕೀ ತೆಗೆದಿರಿ. ಹೀಗೆ ಮತ್ತೆ ಮತ್ತೆ ಆದರೆ ಮಸಿ ಸುಡಲೆಂದು ಬಿಟ್ಟ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಮಟ್ಟ ಏರಿರುತ್ತದೆ, ಎಷ್ಟೋ ಜನ ‘ಆಯಿಲ್ ಕಮ್ಮಿಯಾಗಿಲ್ಲ’ ಅಂತ ಖುಷಿಪಡ್ತಾರೆ! ಆಮೇಲೆ ವಾರ್ನಿಂಗ್ ಲೈಟ್, ಅದನ್ನೂ ಸುಮ್ನೆ ಬಿಟ್ಟರೆ ಗಾಡಿ ಎಳೆಯೋದನ್ನೇ ನಿಲ್ಲಿಸುತ್ತದೆ. ಫಿಲ್ಟರ್ ಬದಲಿಸಬೇಕಾಗಿ ಬಂದರೆ ಬಿಲ್ ನೋಡಿ ತಲೆ ತಿರುಗುತ್ತದೆ.

ನೀವು ದಿನಾ ಕಲಬುರಗಿಯಿಂದ ಯಾದಗಿರಿಗೆ ಹೋಗಿ ಬರುವವರಾಗಿದ್ದರೆ ನಾನೇ ಡೀಸೆಲ್ ಅನ್ನುತ್ತಿದ್ದೆ. ಹೈವೇಯಲ್ಲಿ ಅದರ ಎಳೆತವೇ ಬೇರೆ.

ಪೆಟ್ರೋಲ್‌ನಲ್ಲಿ ಈಗ 20% ಎಥನಾಲ್ ಇರುತ್ತದೆ, ನಮ್ಮ ಬೀದರ್-ಆಳಂದ ಕಡೆಯ ಹಾಗೆ ಕಬ್ಬು ಬೆಳೆಯುವ ಊರುಗಳ ದಯೆ. ಅದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹೊಸ ಕಾರುಗಳನ್ನು ಅದಕ್ಕೆ ಹೊಂದುವಂತೆಯೇ ಮಾಡಿರುತ್ತಾರೆ, ಹೆದರಬೇಡಿ.

ಪ್ರಶ್ನೆ: ನಾನು ಬೀದರ್‌ನವನು. ಹೈದರಾಬಾದಿನಲ್ಲಿ 2018ರ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತಿದೆ. ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಬಂದ್ ಮಾಡ್ತಾರಂತೆ, ಹೌದೇನ್ರೀ?

ಉತ್ತರ: ಹತ್ತು ವರ್ಷದ ಆ ಮಾತು ದೆಹಲಿ ಸುತ್ತಮುತ್ತಲಿನದು, ನಮ್ಮಲ್ಲಿ ಇಲ್ಲ. ಇಲ್ಲಿ 15 ವರ್ಷಕ್ಕೆ ನೋಂದಣಿ, ಗಾಡಿ ಚೆನ್ನಾಗಿದ್ದರೆ ಆಮೇಲೆ ನವೀಕರಣ. 2018ರದ್ದು ಬಿಎಸ್6ಗಿಂತ ಹಿಂದಿನ ಬಿಎಸ್4 ನಿಯಮದ ಗಾಡಿ, ಮೇಲೆ ಹೇಳಿದ ಫಿಲ್ಟರ್ ತಲೆನೋವು ಸಾಮಾನ್ಯವಾಗಿ ಇರಲ್ಲ. ಆದರೆ ಆ ಗಾಡಿ ಕರ್ನಾಟಕದ ನಂಬರಿಗೆ ಬರಬೇಕಾದರೆ ಅಲ್ಲಿಂದ ಎನ್‌ಒಸಿ (ಅಡ್ಡಿಯಿಲ್ಲ ಎಂಬ ಪತ್ರ) ತರಬೇಕು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಆರ್‌ಟಿಒದಲ್ಲಿ ಆ ಮೊತ್ತ ಮೊದಲು ಕೇಳಿ, ಅಗ್ಗ ಎಷ್ಟು ಉಳಿಯುತ್ತೆ ನೋಡಿ. ಟರ್ಬೊ, ಇಂಜೆಕ್ಟರ್ ನಿಮ್ಮ ಮೆಕ್ಯಾನಿಕ್‌ಗೇ ತೋರಿಸಿ. ಗಾಡಿ ನೋಡೋಕೆ ಬೆಳಿಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿದ್ದಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀವು ಹೋಗೋ ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ.