ಕ್ಯಾಚ್ ಹಿಡಿದ ಮೇಲೂ ಓಡಬಹುದೇ?

ಪ್ರಶ್ನೆ: ಕಾಲೇಜಿನಲ್ಲಿ ಬೇಸ್‌ಬಾಲ್ ಕಲಿಯುತ್ತಿದ್ದೇನೆ. ಚೆಂಡು ಮೇಲಕ್ಕೆ ಹೋದ ಕೂಡಲೇ ಕೋಚ್ ‘ಟ್ಯಾಗ್ ಅಪ್’ ಎಂದು ಕೂಗುತ್ತಾರೆ. ಟ್ಯಾಗ್ ಅಂದರೆ ಔಟ್ ಮಾಡುವುದಲ್ಲವೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಹೆಸರು ಹತ್ತಿರವಿದ್ದರೂ ಎರಡೂ ಬೇರೆ. ಬೇಸ್ (ಓಟಗಾರ ಸುರಕ್ಷಿತವಾಗಿ ನಿಲ್ಲುವ ಗುರುತು) ಬಿಟ್ಟ ಓಟಗಾರನನ್ನು ಫೀಲ್ಡರ್ ಚೆಂಡು ಹಿಡಿದು ಮುಟ್ಟಿದರೆ ಟ್ಯಾಗ್ ಔಟ್. ಓಟಗಾರನೇ ತನ್ನ ಬೇಸ್ ಮುಟ್ಟಿಕೊಂಡು ನಿಂತು, ಕ್ಯಾಚ್ ಆದ ಮೇಲೆ ಓಡುವುದು ಟ್ಯಾಗ್ ಅಪ್.

ಕ್ರಿಕೆಟ್ ಆಡಿದವರಿಗೆ ಗೊಂದಲವಾಗುವುದು ಇಲ್ಲಿಯೇ. ಅಲ್ಲಿ ಕ್ಯಾಚ್ ಆದರೆ ಚೆಂಡು ಸತ್ತಂತೆ. ಇಲ್ಲಿ ಬ್ಯಾಟರ್ ಮಾತ್ರ ಔಟ್, ಆಟ ನಿಲ್ಲುವುದಿಲ್ಲ. ಫೌಲ್ ಗೆರೆಯಾಚೆ (ಆಟದ ಅಂಕಣದ ಪಕ್ಕದ ಗೆರೆಯ ಹೊರಗೆ) ಹಿಡಿದ ಕ್ಯಾಚಿಗೂ ಇದೇ ನಿಯಮ.

ಬೇಸ್ ಬಿಡುವ ಕ್ಷಣವನ್ನು ಸರಿಯಾಗಿ ತಿಳಿದುಕೊಳ್ಳಿ: ಚೆಂಡು ಕೈಯಲ್ಲಿ ಭದ್ರವಾಗಬೇಕಿಲ್ಲ, ಫೀಲ್ಡರಿಗೆ ಮೊದಲ ಸಲ ತಾಗಿದರೆ ಸಾಕು. ಇಲ್ಲದಿದ್ದರೆ ಫೀಲ್ಡರ್ ಬೇಕಂತಲೇ ಚೆಂಡನ್ನು ಗ್ಲೌಸಿನಲ್ಲಿ ಕುಣಿಸುತ್ತ ಒಳಗೆ ಓಡಿಬಂದು ನಿಮ್ಮನ್ನು ಕಟ್ಟಿಹಾಕಬಹುದಿತ್ತು. ಒಂದು ಕಾಲು ಬೇಸಿನ ಅಂಚಿನ ಮೇಲಿರಲಿ, ಇನ್ನೊಂದು ಓಡುವ ದಿಕ್ಕಿಗೆ, ಮೊಣಕಾಲು ಬಾಗಿರಲಿ. ಬೇಸಿನ ಹಿಂದಿನಿಂದ ಓಡಿಬಂದು ಅದನ್ನು ತುಳಿದು ಮುಂದೆ ನುಗ್ಗುವುದು ನಿಯಮಬಾಹಿರ.

ಎಲ್ಲ ಬೇಸಿನಲ್ಲೂ ಇದು ಲಾಭದ ಮಾತಲ್ಲ. ಮೂರನೇ ಬೇಸಿನಲ್ಲಿದ್ದರೆ ಎತ್ತರದ ಚೆಂಡಿಗೆಲ್ಲ ಮರಳಿ ಬೇಸ್ ಹಿಡಿಯಿರಿ. ಹೋಮ್‌ಗೆ (ಬ್ಯಾಟರ್ ಆಡುವ, ರನ್ ಪೂರ್ತಿಯಾಗುವ ಜಾಗ) 90 ಅಡಿ, ದೂರದ ಕ್ಯಾಚ್ ಆದರೆ ರನ್ ಕೈಗೂಡುತ್ತದೆ. ಎರಡನೇ ಬೇಸಿನಿಂದಾದರೆ ಚೆಂಡು ಬ್ಯಾಟರ್ ನೋಡುವಂತೆ ಬಲಗಡೆ ಆಳಕ್ಕೆ ಹೋಗಿರಬೇಕು, ಏಕೆಂದರೆ ಅಲ್ಲಿಂದ ಮೂರನೇ ಬೇಸಿಗೆ ಎಸೆತ ಉದ್ದ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಅರ್ಧ ದಾರಿ ಹೋಗಿ ಕಾಯುವುದೇ ಜಾಣತನ: ಚೆಂಡು ಬಿದ್ದರೆ ಮುಂದೆ, ಹಿಡಿದರೆ ಹಿಂದೆ. ಮೊದಲೇ ಎರಡು ಔಟ್ ಆಗಿದ್ದರೆ ಇದಾವ ಲೆಕ್ಕವೂ ಇಲ್ಲ, ಕ್ಯಾಚ್ ಆದರೆ ಮೂರನೇ ಔಟಿಗೆ ನಿಮ್ಮ ಸರದಿಯೇ ಮುಗಿಯುತ್ತದೆ; ಕಣ್ಣುಮುಚ್ಚಿ ಓಡಿ.

ಬೇಗ ಬಿಟ್ಟರೆ ಅಂಪೈರ್ ತಾವಾಗಿ ಔಟ್ ಕೊಡುವುದಿಲ್ಲ. ಮುಂದಿನ ಪಿಚ್‌ಗೆ (ಬ್ಯಾಟರಿಗೆ ಹಾಕುವ ಎಸೆತ) ಮೊದಲು ಫೀಲ್ಡರ್ ಚೆಂಡಿನೊಂದಿಗೆ ಆ ಬೇಸ್ ಮುಟ್ಟಿ ಅಪೀಲ್ ಮಾಡಬೇಕು. ಇದನ್ನು ಫೋರ್ಸ್ ಔಟ್ (ಹಿಂದಿನವನಿಗೆ ಬೇಸ್ ಬಿಟ್ಟುಕೊಟ್ಟು ಮುಂದೆ ಓಡಲೇಬೇಕಾದವನು ಔಟಾಗುವುದು) ಎಂದು ಎಣಿಸುವುದು ದೊಡ್ಡ ತಪ್ಪು. ಒಂದು ಔಟ್, ಓಟಗಾರರು ಮೊದಲ ಮತ್ತು ಮೂರನೇ ಬೇಸಿನಲ್ಲಿ ಎಂದುಕೊಳ್ಳಿ. ಕ್ಯಾಚ್ ಆಯಿತು, ಮೂರನೆಯವನು ಸರಿಯಾಗಿ ಟ್ಯಾಗ್ ಅಪ್ ಮಾಡಿ ಹೋಮ್ ಮುಟ್ಟಿದ. ಆಮೇಲೆ, ಹಿಂತಿರುಗದ ಮೊದಲ ಬೇಸಿನವನು ಮೂರನೇ ಔಟ್ ಆದ. ಅದು ಫೋರ್ಸ್ ಔಟ್ ಅಲ್ಲವಾದ್ದರಿಂದ ಆ ರನ್ ನಿಮ್ಮದೇ.